ಧಾರವಾಡದಲ್ಲಿ ಕಂಡ ಏಳನೆಯ ಗೇಟು

ವುಡ್‌ರಿಡ್ಜ್
26 ಆಗಸ್ಟ್ 2024

ಪ್ರಿಯ ಪಂಚಾಕ್ಷರಿ,

ಫೋನು ಬಿಟ್ಟು ಕಾಗದಕ್ಕೆ ಇಳಿದಿದ್ದಾನಲ್ಲ ಎಂದು ನಗಬೇಡ. ನನ್ನ ಕಿವಿಗಳು ನಿವೃತ್ತಿ ತೆಗೆದುಕೊಂಡಿವೆ. ಮಂಜರಿ ಹೊಸ ಹಿಯರಿಂಗ್ ಏಡ್ ಕೊಡಿಸಿದ್ದಾಳೆ. ಅದರಲ್ಲಿ ಫ್ರಿಜ್ಜಿನ ಗೊರಗೊರ ಕೇಳುತ್ತದೆ, ಪಕ್ಕದ ಮನೆಯವನು ಹುಲ್ಲು ಕತ್ತರಿಸುವುದು ಕೇಳುತ್ತದೆ, ಎದುರಿಗೆ ಕೂತ ಮಗಳ ಮಾತು ಮಾತ್ರ ಕೇಳುವುದಿಲ್ಲ. ಫೋನು ಹಿಡಿದರೆ ಕುಂಯ್ ಎಂದು ಕಿರುಚುತ್ತದೆ. ಇಮೇಲ್ ಹಾಕಿದರೆ ನೀನು ಓದುವುದಿಲ್ಲ, ನಿನ್ನ ಮಗ ಸೋಮು ಓದಿ ಎರಡು ಮಾತಿನಲ್ಲಿ ಒಪ್ಪಿಸುತ್ತಾನೆ. ನಾನು ಎರಡು ಮಾತಿನಲ್ಲಿ ಮುಗಿಯುವವನಲ್ಲ.

ವಿಷಯಕ್ಕೆ ಬರುತ್ತೇನೆ. ‘ಏಳನೆಯ ಗೇಟು’ ಸಿಕ್ಕಿದೆ! ರಷ್ಯದ ನಮ್ಮ ಬೊಲ್ದಿರೆವ್‌ನ ಮೂಕಿ ಚಿತ್ರ. ನಾವು ನೋಡಿದ್ದೂ ಸೇರಿ ಎಲ್ಲ ಪ್ರತಿಗಳೂ ಸುಟ್ಟುಹೋದವು ಎಂದು ನಾನೇ ಮೂರು ಕಡೆ ಬರೆದಿದ್ದೆನಲ್ಲ, ಯಾವುದೋ ದೇಶದ ಉಗ್ರಾಣದಲ್ಲಿ ಒಂದು ಪೂರ್ತಿ ಪ್ರತಿ ಇತ್ತಂತೆ. ತೊಳೆದು, ಅಂಟಿಸಿ, ಸರಿಮಾಡಿದ್ದಾರೆ. ನವೆಂಬರ್ 16, ಶನಿವಾರ, ಇಲ್ಲಿ ಶಿಕಾಗೋದ ಒಂದು ಯೂನಿವರ್ಸಿಟಿಯಲ್ಲಿ ತೋರಿಸುತ್ತಾರೆ. ಬೊಲ್ದಿರೆವ್ ಬಗ್ಗೆ ಬರೆದವರು ಹತ್ತಿರದಲ್ಲಿ ಯಾರಿದ್ದಾರೆ ಎಂದು ಹುಡುಕಿ ಹುಡುಕಿ ಕೊನೆಗೆ ಈ ಕಿವುಡ ಮೇಷ್ಟ್ರನ್ನು ಹಿಡಿದಿದ್ದಾರೆ. ಚಿತ್ರಕ್ಕೆ ಮೊದಲು ಹತ್ತು ನಿಮಿಷ ನಾನು ಮಾತಾಡಬೇಕು.

ಏನು ಹೇಳಬೇಕೆಂದು ಬರೆದುಕೊಂಡಿದ್ದೇನೆ. ಮೊದಲ ಪೆಟ್ಟು ನೀನೇ ತಿನ್ನು:

“ಇಗ್ನಾತಿ ಬೊಲ್ದಿರೆವ್ ರೈಲ್ವೆ ತಂತಿ ಗುಮಾಸ್ತನ ಮಗ. ಅಂತರ್ಯುದ್ಧದಲ್ಲಿ ಫಿರಂಗಿ ದಳದಲ್ಲಿದ್ದ. ಆಮೇಲೆ ಪ್ರಚಾರದ ರೈಲಿನಲ್ಲಿ ಊರೂರು ಅಲೆದು, ಗೋಧಿ ಮೂಟೆಗಳ ಮೇಲೆ ಬಟ್ಟೆ ಕಟ್ಟಿ ಚಿತ್ರ ತೋರಿಸಿದ. ಮೊದಲ ಚಿತ್ರ ಬ್ರೆಡ್ಡಿನ ಕಾರ್ಖಾನೆಯೊಂದರ ಮುಷ್ಕರದ್ದು, ಎರಡನೆಯದು ಯಾರೂ ನಗದ ಒಂದು ಹಾಸ್ಯ. ಮೂರನೆಯದು, 1927ರ ‘ಏಳನೆಯ ಗೇಟು’. ದಾರ್ಯಾ ಎಂಬಾಕೆ ರೈಲ್ವೆ ಗೇಟು ಕಾಯುವವಳು. ಗಂಡ ಯುದ್ಧಕ್ಕೆ ಹೋಗಿದ್ದಾನೆ. ಒಂದು ದಿನ ಯಾರೋ ಸೈನಿಕ ಗಂಡನ ಟೋಪಿಯನ್ನು ತಂದುಕೊಡುತ್ತಾನೆ. ಆಕೆ ಟೋಪಿಯನ್ನು ಹೂಳುತ್ತಾಳೆ, ಮಣ್ಣಿನ ಮೇಲೆ ಒಂದು ತುಂಡು ಬ್ರೆಡ್ಡು, ಒಂದು ಲೋಟ ಇಡುತ್ತಾಳೆ. ಮಾರನೆಯ ದೃಶ್ಯದಲ್ಲಿ ಸತ್ತ ಗಂಡ ಹಳಿಯ ಮೇಲೆ ನಡೆದು ಬರುತ್ತಾನೆ. ಹೊಗೆಯಿಲ್ಲ, ಮಾಯವಿಲ್ಲ, ಬೂಟಿನ ತುಂಬ ಕೆಸರು. ಪರದೆಯ ಮೇಲೆ ಒಂದೇ ಸಾಲು: ಒಂದು ದಿನದ ರಜೆ. ಅವನು ಗೇಟಿನ ಕೆಟ್ಟ ದೀಪವನ್ನು ಸರಿಮಾಡುತ್ತಾನೆ, ಊಟಕ್ಕೆ ಕೂರುತ್ತಾನೆ. ಹೆಂಡತಿ ಒಂದು ಮಾತೂ ಆಡುವುದಿಲ್ಲ. ಅವನು ಹೊರಟುಹೋಗುತ್ತಾನೆ. ದೇವರೂ ಇಲ್ಲ, ದೆವ್ವವೂ ಇಲ್ಲ ಎಂದು ಸಾರಿದ ನಾಡಿನಲ್ಲಿ ಸತ್ತವನಿಗೆ ರಜೆ ಕೊಟ್ಟು ಮನೆಗೆ ಕಳಿಸಿದ ಒಬ್ಬನೇ ನಿರ್ದೇಶಕ ಈತ. ಅದಕ್ಕಾಗಿಯೇ ಅವನಿಗೆ ಮುಂದೆ ಚಿತ್ರ ಕೊಡಲಿಲ್ಲ. ಬೀಟ್‌ರೂಟ್ ಬಿತ್ತುವುದು ಹೇಗೆ, ಜೇನು ಸಾಕುವುದು ಹೇಗೆ ಎಂಬ ಪಾಠದ ಚಿತ್ರಗಳಲ್ಲಿ ಅವನ ಬಾಳು ಮುಗಿಯಿತು.”

ಹೇಗಿದೆ? ಮೂವತ್ತು ವರ್ಷ ಬರೆದ ಪುಸ್ತಕದ ಸಾರ ಇಷ್ಟೇ. ಕೊನೆಯ ಅಧ್ಯಾಯ ಒಂದು ಬಾಕಿ. ಮೈಸೂರಿನ ಪ್ರಸಾದ್ ಅಚ್ಚಿಗೆ ತಯಾರಾಗಿ ಕೂತಿದ್ದಾನೆ. ಮುನ್ನುಡಿಯ ಪಕ್ಕದಲ್ಲಿ ನಿನ್ನದೊಂದು ಅರ್ಧ ಪುಟ ಬೇಕು. 1979ರಲ್ಲಿ ಧಾರವಾಡದ ನಮ್ಮ ಫಿಲ್ಮ್ ಸೊಸೈಟಿಯಲ್ಲಿ ಈ ಚಿತ್ರ ತೋರಿಸಿದಾಗ ಪರದೆಯ ಪಕ್ಕ ನಿಂತು ಇಂಗ್ಲಿಷ್ ಬರಹವನ್ನು ಕನ್ನಡದಲ್ಲಿ ಓದಿದವನು ನಾನು, ಪ್ರೊಜೆಕ್ಟರ್ ಓಡಿಸಿದವನು ನೀನು. ಆ ಸಂಜೆಗೆ ಇನ್ನು ಉಳಿದ ಸಾಕ್ಷಿಗಳು ನಾವಿಬ್ಬರೇ.

ನೀನು ಬರಬೇಕು. ಮುನ್ನೂರು ಮೈಲಿ ಏನು ಮಹಾ, ಸೋಮು ಡ್ರೈವ್ ಮಾಡುತ್ತಾನೆ.

ನಿನ್ನ,
ಜಯಸಿಂಹ


ಸ್ಟರ್ಲಿಂಗ್ ಹೈಟ್ಸ್
9 ಸೆಪ್ಟೆಂಬರ್ 2024

ಪ್ರಿಯ ಮಾಸ್ತರ,

ಕಾಗದ ತಲುಪಿ ಹತ್ತು ದಿನವಾಯಿತು. ಉತ್ತರ ತಡವಾಗಿದ್ದಕ್ಕೆ ಡಯಾಲಿಸಿಸ್ ಕಾರಣ ಎಂದು ಹೇಳಬಹುದು, ನೀನು ನಂಬುತ್ತೀ. ಸೋಮವಾರ, ಬುಧವಾರ, ಶುಕ್ರವಾರ ನಾಲ್ಕು ನಾಲ್ಕು ತಾಸು ಕುರ್ಚಿಯಲ್ಲಿ ಮಲಗುತ್ತೇನೆ. ನಲವತ್ತು ವರ್ಷ ಕಾರಿನ ಫ್ಯಾಕ್ಟರಿಯಲ್ಲಿ ಪಂಪು, ಫಿಲ್ಟರು ಎಂದು ತಲೆ ಕೆಡಿಸಿಕೊಂಡವನಿಗೆ ಈಗ ತನ್ನದೇ ರಕ್ತ ಪಂಪಿನಲ್ಲಿ ಹೋಗಿ ಫಿಲ್ಟರಿನಲ್ಲಿ ಬರುವುದನ್ನು ನೋಡುವ ಯೋಗ. ಯಂತ್ರ ಒಳ್ಳೆಯದೇ. ಮುಗಿದ ಮೇಲೆ ಮೈಯಲ್ಲಿ ಏನೂ ಉಳಿದಿರುವುದಿಲ್ಲ, ಅಷ್ಟೆ. ನೀರನ್ನು ಲೋಟದಲ್ಲಿ ಅಳೆದು ಕುಡಿಯುತ್ತೇನೆ. ರೊಟ್ಟಿಗೆ ಉಪ್ಪಿಲ್ಲದ ಪಲ್ಯ. ಬಾಳೆಹಣ್ಣನ್ನೂ ತಿನ್ನಬಾರದಂತೆ, ನಗು.

ಶನಿವಾರ ನನಗೆ ಕುರ್ಚಿಯಿಲ್ಲ. ಸೋಮುವೂ “ಹೋಗೂಣ ಬಿಡಪ್ಪ, ಜಯಸಿಂಹ ಅಂಕಲ್‌ನ ನೋಡಿ ಎಷ್ಟು ದಿನ ಆತು” ಎನ್ನುತ್ತಾನೆ. ಆದರೆ ನನ್ನ ಮನಸ್ಸು ಗಟ್ಟಿಯಾಗಿಲ್ಲ.

ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡ. ಆ ಹೊಸ ಪ್ರತಿಯನ್ನು ನೀನು ಮೊದಲೇ ಒಂದು ಸಲ ನೋಡುವಂತಿದೆಯೇ? ಕೇಳಿದರೆ ತೋರಿಸಬಹುದು. ನೋಡಿದ ಮೇಲೆ ಭಾಷಣ ಬರೆ. ಪುಸ್ತಕವನ್ನೂ ಅಲ್ಲಿಯವರೆಗೆ ಪ್ರೆಸ್ಸಿಗೆ ಕಳಿಸಬೇಡ. ನಲವತ್ತೈದು ವರ್ಷದ ಹಿಂದೆ, ಒಂದೇ ಸಲ, ಹರಕು ಪರದೆಯ ಮೇಲೆ ನೋಡಿದ ಚಿತ್ರ. ನೆನಪು ಮೋಸ ಮಾಡುತ್ತದೆ.

ಅರ್ಧ ಪುಟ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ. ನನ್ನ ಅವ್ವ ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕೂತಿದ್ದಳು ಎಂಬ ಒಂದೇ ವಾಕ್ಯ ಬರೆದು ನಿಲ್ಲಿಸಿದ್ದೇನೆ.

ನಿನ್ನ,
ಪಂಚಾಕ್ಷರಿ


ವುಡ್‌ರಿಡ್ಜ್
5 ಅಕ್ಟೋಬರ್ 2024

ಪ್ರಿಯ ಪಂಚಾಕ್ಷರಿ,

ನಿನ್ನ ಕಾಗದ ಓದಿ ಒಂದು ವಾರ ಮುಖ ಊದಿಸಿಕೊಂಡಿದ್ದೆ. ನೆನಪು ಮೋಸ ಮಾಡುತ್ತದಂತೆ! ಆ ಎರಡು ದೃಶ್ಯಗಳ ಒಂದೊಂದು ಶಾಟು ನನಗೆ ಕಂಠಪಾಠ. ಮಾರನೆಯ ದಿನವೇ ಕೂತು ಬರೆದಿಟ್ಟಿದ್ದೆ, ಆ ಬರಹ ಅಚ್ಚಾಯಿತು, ಅದನ್ನು ಓದಿ ಎಷ್ಟು ಜನ ಕಾಗದ ಬರೆದರು, ಎಷ್ಟು ವರ್ಷ ನಾನು ಅದನ್ನೇ ಕ್ಲಾಸಿನಲ್ಲಿ ಪಾಠ ಮಾಡಿದೆ. ಮೊದಲೇ ತೋರಿಸಿ ಎಂದು ಆ ಯೂನಿವರ್ಸಿಟಿಯವರನ್ನು ನಾನು ಕೇಳುವುದಿಲ್ಲ. ನೀನು ಎಂಜಿನಿಯರು, ಎಲ್ಲವನ್ನೂ ಟೆಸ್ಟ್ ಮಾಡಿ ನೋಡುವ ಅಭ್ಯಾಸ. ಹೋಗಲಿ, ಕ್ಷಮಿಸಿದ್ದೇನೆ.

ಮೊನ್ನೆ ಬುಧವಾರ ಮಹಾಲಯ ಅಮಾವಾಸ್ಯೆ. ಲಲಿತಳಿಗೆ ಎಡೆ ಇಟ್ಟೆ. ಅವಳು ಹೋಗಿ ಏಳು ವರ್ಷವಾಯಿತು. ಈ ದೇಶದ ಮನೆಗಳಲ್ಲಿ ಅಡುಗೆಮನೆಗೆ ಬಾಗಿಲೇ ಇಲ್ಲ, ನೋಡಿದ್ದೀಯಲ್ಲ. ಎಡೆ ಇಟ್ಟು ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಸುಮ್ಮನೆ ಕೂರಬೇಕಲ್ಲ, ಬಾಗಿಲಿಲ್ಲದಿದ್ದರೆ ಹಿರಿಯರು ಊಟಕ್ಕೆ ಕೂರುವುದು ಹೇಗೆ? ಕೊನೆಗೆ ನನ್ನ ಓದುವ ಕೋಣೆಯಲ್ಲಿ, ಬೊಲ್ದಿರೆವ್ ಫೈಲುಗಳ ನಡುವೆ ಎಲೆ ಹಾಕಿದೆ. ಚಿತ್ರಾನ್ನ, ವಡೆ, ಹೆಸರುಬೇಳೆ ಪಾಯಸ, ಒಂದು ಲೋಟ ಕಾಫಿ. ಬಾಗಿಲು ಹಾಕಿ ಹೊರಗೆ ಕುರ್ಚಿ ಹಾಕಿಕೊಂಡು ಕೂತೆ. ಮೊಮ್ಮಗಳು ವರ್ಷಾ ಬಂದು, “ತಾತಾ, ಹೂ ಈಸ್ ಇನ್ ದೇರ್?” ಎಂದಳು. ಅವಳ ತುಟಿ ನೋಡಿ ತಿಳಿದುಕೊಂಡೆ. ಅಜ್ಜಿ ಊಟ ಮಾಡುತ್ತಿದ್ದಾಳೆ, ಮಾತಾಡಬಾರದು ಎಂದೆ. ಪಾಪ, ಅವಳೂ ಬಾಯಿಯ ಮೇಲೆ ಬೆರಳಿಟ್ಟುಕೊಂಡು ಪಕ್ಕದಲ್ಲಿ ಕೂತಳು.

ಆಗ ನಿನ್ನ ತಾಯಿಯ ನೆನಪಾಯಿತು. ಅವತ್ತು ಚಿತ್ರ ಮುಗಿದ ಮೇಲೆ ನಾವು ಪದವೀಧರರೆಲ್ಲ ದಾರ್ಯಾ ಯಾಕೆ ಗಂಡನೊಡನೆ ಮಾತಾಡಲಿಲ್ಲ ಎಂದು ಚರ್ಚೆಗೆ ಕೂತಿದ್ದೆವು. ಗಂಗವ್ವನವರು ಚಾಪೆ ಸುತ್ತುತ್ತ ಹೇಳಿದ್ದು ನೆನಪಿದೆಯೇ? “ಎಡಿ ಉಣ್ಣಾಗ ಮಾತಾಡಸಬಾರ್ದು. ಅಷ್ಟೂ ಗೊತ್ತಿಲ್ಲೇನ್ರಿ ಮಾಸ್ತರ?” ಆ ಒಂದು ಮಾತಿನ ಮೇಲೆ ನಾನು ‘ಮಾತಾಡದ ಹೆಂಡತಿ’ ಎಂಬ ನಲವತ್ತು ಪುಟದ ಅಧ್ಯಾಯವನ್ನೇ ಕಟ್ಟಿದ್ದೇನೆ. ಲಲಿತ ಹೋದ ಮೇಲೆ ಆ ಅಧ್ಯಾಯವೇ ನನ್ನನ್ನು ಹಿಡಿದು ನಿಲ್ಲಿಸಿದ್ದು. ಇದನ್ನು ನಿನಗಲ್ಲದೆ ಇನ್ನಾರಿಗೂ ಹೇಳಿಲ್ಲ.

ಕೊನೆಯ ಅಧ್ಯಾಯ ಮುಗಿಯಿತು. ಇಪ್ಪತ್ತನೇ ತಾರೀಕು ಪ್ರಸಾದನಿಗೆ ಕಳಿಸುತ್ತೇನೆ. ಅರ್ಧ ಪುಟ ಎಲ್ಲಿ?

ನಿನ್ನ,
ಜಯಸಿಂಹ


ಸ್ಟರ್ಲಿಂಗ್ ಹೈಟ್ಸ್
12 ಅಕ್ಟೋಬರ್ 2024

ಪ್ರಿಯ ಜಯಸಿಂಹ,

ಈ ಸಲ ಮಾಸ್ತರ ಎಂದು ತಮಾಷೆ ಮಾಡುವ ಧೈರ್ಯವಿಲ್ಲ. ಇಪ್ಪತ್ತನೇ ತಾರೀಕಿನೊಳಗೆ ಇದು ನಿನ್ನ ಕೈ ಸೇರಬೇಕೆಂದು ಸೋಮುವಿನ ಕೈಯಲ್ಲಿ ಅವಸರದ ಟಪಾಲಿಗೆ ಹಾಕಿಸುತ್ತೇನೆ.

ಬೊಲ್ದಿರೆವ್‌ನ ಚಿತ್ರದಲ್ಲಿ ಸತ್ತವನು ಬರುವುದಿಲ್ಲ. ಅವನನ್ನು ಕರೆತಂದವನು ನಾನು.

ಐದು ರೀಲು, ಐದು ಡಬ್ಬಿ. ನಮ್ಮಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರ್. ಒಂದೊಂದು ರೀಲು ಮುಗಿದಾಗ ದೀಪ ಹಾಕಿ ಇನ್ನೊಂದನ್ನು ಏರಿಸುತ್ತಿದ್ದೆ. ಎರಡನೆಯದು ಮುಗಿಯುವಾಗ ಕರೆಂಟ್ ಹೋಯಿತು, ನಿನಗೂ ನೆನಪಿರಬೇಕು. ಮುಕ್ಕಾಲು ತಾಸು ಕತ್ತಲೆ. ನೀನು ಪರದೆಯ ಪಕ್ಕ ನಿಂತು ಜನರನ್ನು ನಗಿಸುತ್ತಿದ್ದೆ. ಹಿಂದಿನ ಊರಿನವರು ರೀಲು ತಿರುಗಾ ಸುತ್ತದೆ ಹಾಗೇ ಕಳಿಸಿದ್ದಾರೋ ಏನೋ ಎಂದು ನಾನು ಮೇಣದ ಬತ್ತಿಯ ಬೆಳಕಿನಲ್ಲಿ ಮೂರನೆಯ, ನಾಲ್ಕನೆಯ ಡಬ್ಬಿಗಳನ್ನು ಒಟ್ಟಿಗೆ ತೆರೆದು ನೋಡಿದೆ. ಮುಚ್ಚಳ ಮುಚ್ಚುವಾಗ ಅದಲು ಬದಲಾಯಿತು. ಕರೆಂಟ್ ಬಂತು, ಜನ ಸೀಟಿ ಹೊಡೆದರು, ಅವಸರದಲ್ಲಿ ಏರಿಸಿದೆ.

ಸೈನಿಕ ಟೋಪಿ ತೆಗೆದು ಕೊಡುವಾಗಲೇ ನನಗೆ ತಿಳಿಯಿತು. ಗಂಡ ರಜೆಗೆ ಬರುತ್ತಾನೆ ಎಂದು ಮೂರನೆಯ ಡಬ್ಬಿಯೊಳಗಿನ ಚೀಟಿಯಲ್ಲಿ ಓದಿದ್ದೆ. ಇನ್ನೂ ರಜೆಗೇ ಬಂದಿಲ್ಲ, ಸಾಯುವುದು ಹೇಗೆ? ನಿಲ್ಲಿಸಬೇಕಿತ್ತು. ಇಪ್ಪತ್ತೈದರ ಹುಡುಗ, ಇಡೀ ಸಭೆಯ ಮುಂದೆ ತಪ್ಪಾಯಿತು ಎನ್ನಲು ನಾಚಿಕೆ. ಓಡಲಿ ಬಿಡು ಎಂದೆ. ಆಮೇಲೆ ಬಿಟ್ಟುಹೋದ ಮೂರನೆಯ ರೀಲು ಹಾಕದೆ ಬಿಡುವಂತಿಲ್ಲ, ಅದನ್ನೂ ಹಾಕಿದೆ. ಯಾರಾದರೂ ಎದ್ದು “ಏನೋ ಪಂಚಾಕ್ಷರಿ, ಸತ್ತಾವ ಹೆಂಗ ಬಂದ?” ಎಂದು ಕೂಗುತ್ತಾರೆ ಎಂದು ಕಾಯುತ್ತಿದ್ದೆ. ಯಾರೂ ಕೂಗಲಿಲ್ಲ. ಅಮಾವಾಸ್ಯೆ ಕಳೆದು ಮೂರೇ ದಿನವಾಗಿತ್ತಲ್ಲ, ಎಲ್ಲರ ಮನೆಯಲ್ಲೂ ಹಿರಿಯರಿಗೆ ಎಡೆ ಇಟ್ಟಿದ್ದರು. ಆಕೆಯೂ ಬ್ರೆಡ್ಡು ಇಟ್ಟಳು, ಗಂಡನೂ ಬಂದ. ಅಲ್ಲಿ ಕೂತವರಿಗೆ ಅದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ. ನೀನು “ಒಂದು ದಿನದ ರಜೆ” ಎಂದು ಓದಿದಾಗ ಇಡೀ ಸಭೆ ಮೂಗು ಒರೆಸಿಕೊಂಡಿತು.

ಮುಗಿದ ಮೇಲೆ ನೀನು ಓಡಿಬಂದು ನನ್ನನ್ನು ಅಪ್ಪಿಕೊಂಡೆ. ಆಗ ಹೇಳಬಹುದಿತ್ತು. ಆದರೆ ಅಷ್ಟರಲ್ಲಿ ಅವ್ವ ಬಂದಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು, ಅವಳು ಹೊರಗೆ ಹೊರಟಿದ್ದು ಅದೇ ಮೊದಲು. “ಅಲ್ಲೂ ಒಂದಿನದ ರಜಾ ಕೊಡ್ತಾರಂತ ನೋಡಪಾ. ನಿಮ್ಮಪ್ಪಗೂ ಮೊನ್ನೆ ಕೊಟ್ಟಿದ್ರು, ನಮಗ ಕಾಣಲಿಲ್ಲ ಅಷ್ಟ” ಎಂದಳು. ನಗುತ್ತಿದ್ದಳು, ಜಯಸಿಂಹ. ಎರಡು ವರ್ಷದಲ್ಲಿ ನಾನು ಕಂಡ ಮೊದಲ ನಗು. ಸಾಯುವತನಕ ಪ್ರತಿ ಅಮಾವಾಸ್ಯೆಗೂ ಆ ಸಿನಿಮಾ ನೆನೆಸಿಕೊಳ್ಳುತ್ತಿದ್ದಳು. ಅವಳಿಗೆ ಹೇಳದೆ ನಿನಗೆ ಹೇಗೆ ಹೇಳಲಿ? ಆಮೇಲೆ ನಿನ್ನ ಬರಹ ಅಚ್ಚಾಯಿತು. ಡಬ್ಬಿಗಳು ಮರುದಿನವೇ ರೈಲಿನಲ್ಲಿ ಮದರಾಸಿಗೆ ಹೋಗಿದ್ದವು. ಇನ್ನು ಆ ಚಿತ್ರವನ್ನು ಯಾರು ನೋಡುತ್ತಾರೆ ಎಂದುಕೊಂಡೆ. ವರ್ಷ ಕಳೆದಷ್ಟೂ ಹೇಳುವುದು ಕಷ್ಟವಾಯಿತು.

ಈಗ ಹೇಳದಿದ್ದರೆ ನವೆಂಬರ್ 16ರಂದು ನೀನು ನೂರು ಜನರ ಮುಂದೆ ಒಂದು ಹೇಳುತ್ತೀ, ಪರದೆ ಇನ್ನೊಂದು ತೋರಿಸುತ್ತದೆ. ಅದನ್ನು ತಡೆಯಬೇಕಿತ್ತು. ಅದಕ್ಕಾಗಿ ಬರೆದೆ, ಪುಣ್ಯವಂತನಾಗಲು ಅಲ್ಲ. ಕ್ಷಮಿಸು ಎಂದು ಕೇಳುತ್ತಿಲ್ಲ. ಮೂವತ್ತು ವರ್ಷದ ಕೆಲಸವನ್ನು ಹಾಳು ಮಾಡಿದವನು ಅಷ್ಟು ಸುಲಭವಾಗಿ ಕೇಳಬಾರದು.

ಪಂಚಾಕ್ಷರಿ


ಸ್ಟರ್ಲಿಂಗ್ ಹೈಟ್ಸ್
7 ನವೆಂಬರ್ 2024

ಪ್ರಿಯ ಜಯಸಿಂಹ,

ಇಪ್ಪತ್ತಾರು ದಿನವಾಯಿತು. ಟಪಾಲಿನವಳು ಬರುವ ಹೊತ್ತಿಗೆ ಕಿಟಕಿಯ ಹತ್ತಿರ ಕೂರುವುದು ರೂಢಿಯಾಗಿದೆ. ಪಿಜ್ಜಾದ ಕೂಪನ್ನು, ಮನೆಯ ಚಾವಣಿ ರಿಪೇರಿ ಮಾಡುವವರ ಜಾಹೀರಾತು, ಅಷ್ಟೇ ಬರುತ್ತವೆ.

ಕೊನೆಗೆ ಮಂಜರಿಗೆ ಫೋನ್ ಮಾಡಿದೆ. “ಅಪ್ಪ ಆರೋಗ್ಯವಾಗೇ ಇದಾರೆ ಅಂಕಲ್. ಆದ್ರೆ ನಿಮ್ಮ ಲೆಟರ್ ಬಂದಾಗಿಂದ ರೂಮ್ ಬಾಗಿಲು ಹಾಕ್ಕೊಂಡೇ ಇರ್ತಾರೆ. ಊಟಕ್ಕೆ ಮಾತ್ರ ಬರ್ತಾರೆ, ಮಾತೇ ಇಲ್ಲ. ಏನಾಯ್ತು ಅಂಕಲ್?” ಎಂದಳು. ಏನೂ ಇಲ್ಲಮ್ಮ, ಹಳೆಯ ಸಿನಿಮಾ ಸುದ್ದಿ ಎಂದೆ. ಪುಸ್ತಕ ಕಳಿಸಿಲ್ಲ ಎಂದೂ ಅವಳೇ ಹೇಳಿದಳು. ಅದೊಂದು ಸಮಾಧಾನ.

ಬೈದಾದರೂ ಬರೆ. ಈ ನಡುವೆ ನನಗೆ ಕುರ್ಚಿಯಲ್ಲಿ ಎರಡು ಸಲ ಬಿ.ಪಿ. ಇಳಿದು ಕಣ್ಣು ಕತ್ತಲೆಯಾಯಿತು. ಇದನ್ನು ಕನಿಕರಕ್ಕೆಂದು ಬರೆಯುತ್ತಿಲ್ಲ. ಇಲ್ಲ, ಸುಳ್ಳು. ಕನಿಕರಕ್ಕೆಂದೇ ಬರೆಯುತ್ತಿದ್ದೇನೆ. ನಾನು ಡಯಾಲಿಸಿಸ್‌ಗೆ ಸೇರಿದಾಗ ನಮ್ಮ ಪಾಳಿಯಲ್ಲಿ ಒಂಬತ್ತು ಮಂದಿ ಇದ್ದೆವು, ಈಗ ಆರು.

ನೀನು ಕರೆಯದೆ ನಾನು ಹದಿನಾರಕ್ಕೆ ಬರುವುದಿಲ್ಲ.

ನಿನ್ನ,
ಪಂಚಾಕ್ಷರಿ


ವುಡ್‌ರಿಡ್ಜ್
18 ನವೆಂಬರ್ 2024

ಪ್ರಿಯ ಪಂಚಾಕ್ಷರಿ,

ನಿನ್ನ ಮೇಲೆ ಎಷ್ಟು ಸಿಟ್ಟಿತ್ತೆಂದರೆ ನಾಲ್ಕು ಕಾಗದ ಬರೆದು ಹರಿದೆ. ಕಳ್ಳ ಎಂದು ಬರೆದಿದ್ದೆ, ಹೇಡಿ ಎಂದು ಬರೆದಿದ್ದೆ, ಇನ್ನೂ ಕೆಟ್ಟದ್ದನ್ನೂ ಬರೆದಿದ್ದೆ. ಅವು ನಿನಗೆ ಸಲ್ಲಬೇಕಾದ ಮಾತುಗಳೇ, ಆದ್ದರಿಂದ ಬಾಕಿಯೆಂದು ಇಟ್ಟುಕೊ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ನನ್ನ ಇಡೀ ವಿದ್ವತ್ತು ಎರಡು ಡಬ್ಬಿಯ ಮುಚ್ಚಳದ ಮೇಲೆ ನಿಂತಿತ್ತು ಎಂದರೆ ಯಾರಿಗಾದರೂ ನಗು ಬರಬೇಕು. ನನಗೆ ಬರಲಿಲ್ಲ.

ಶನಿವಾರ ಹೋಗುವುದೇ ಬೇಡ ಎಂದು ಕೂತಿದ್ದೆ. ಮಂಜರಿ ಶರ್ಟಿಗೆ ಇಸ್ತ್ರಿ ಮಾಡಿ ಮಂಚದ ಮೇಲೆ ಇಟ್ಟು ಹೋದಳು. ಇಸ್ತ್ರಿ ಮಾಡಿದ ಶರ್ಟನ್ನು ಹಾಗೇ ಬಿಡುವುದು ಸರಿಯಲ್ಲವೆಂದು ಹೊರಟೆ.

ಅಲ್ಲಿ ಒಂದು ಪುಸ್ತಿಕೆ ಹಂಚಿದರು. ಅದರಲ್ಲಿ ಬೊಲ್ದಿರೆವ್‌ನ ಬಾಳಿನ ಕೊನೆಯ ಭಾಗವಿತ್ತು, ಹೊಸದಾಗಿ ಸಿಕ್ಕ ಕಾಗದಗಳ ಆಧಾರದ ಮೇಲೆ. ಅವನನ್ನು ಯಾರೂ ಶಿಕ್ಷಿಸಲಿಲ್ಲ, ಪಂಚಾಕ್ಷರಿ. ಫಿರಂಗಿಯ ಪಕ್ಕ ನಿಂತೂ ನಿಂತೂ ಅವನ ಎರಡೂ ಕಿವಿ ಹೋಗಿದ್ದವು. ಮೂಕಿ ಚಿತ್ರದಲ್ಲಿ ಅದು ಯಾರಿಗೂ ಗೊತ್ತಾಗಲಿಲ್ಲ. ಮಾತಿನ ಚಿತ್ರ ಬಂದಾಗ ತಾನೇ ಸ್ಟುಡಿಯೋಗೆ ಬರೆದುಕೊಟ್ಟ: “ನನಗೆ ಕೇಳಿಸದ ಚಿತ್ರವನ್ನು ನಾನು ಮಾಡುವುದು ಹೇಗೆ? ಜೇನುನೊಣಗಳ ಚಿತ್ರ ಕೊಡಿ, ಅವುಗಳೊಡನೆ ಮಾತಾಡಬೇಕಾಗಿಲ್ಲ.” ಇಪ್ಪತ್ತು ವರ್ಷ ಅದನ್ನೇ ಮಾಡಿದ. ನಾನು ಮೂವತ್ತು ವರ್ಷ ಅವನ ಹಿಂದೆ ಬಿದ್ದು ಹುತಾತ್ಮನನ್ನು ಹುಡುಕಿದೆ, ಅಲ್ಲಿದ್ದವನು ಒಬ್ಬ ದಣಿದ ಕಿವುಡ. ಅವನ ಫೋಟೋ ನೋಡಿದೆ. ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡಿದ್ದಾನೆ, ನಾನು ಮಂಜರಿಯ ಎದುರು ಇಟ್ಟುಕೊಳ್ಳುವ ಹಾಗೆಯೇ.

ಮಾತಿಗೆ ಕರೆದರು. ಬರೆದಿಟ್ಟ ಹಾಳೆ ಜೇಬಿನಿಂದ ತೆಗೆಯಲಿಲ್ಲ. 1979ರಲ್ಲಿ ಧಾರವಾಡ ಎಂಬ ಊರಿನಲ್ಲಿ ನಾವು ಈ ಚಿತ್ರವನ್ನು ತಪ್ಪು ಕ್ರಮದಲ್ಲಿ ನೋಡಿದೆವು, ಸತ್ತವನು ಮನೆಗೆ ಬಂದ, ನಾವೆಲ್ಲ ಅತ್ತೆವು, ಅದನ್ನೇ ನಂಬಿ ನಾನು ಒಂದು ಪುಸ್ತಕ ಬರೆದೆ, ಇವತ್ತು ಸರಿಯಾದ ಕ್ರಮದಲ್ಲಿ ನಾನೂ ಮೊದಲ ಸಲ ನೋಡುತ್ತಿದ್ದೇನೆ ಎಂದು ಹೇಳಿ ಕೂತೆ. ಎರಡು ನಿಮಿಷವೂ ಆಗಲಿಲ್ಲ. ಜನ ನಕ್ಕರೋ ಇಲ್ಲವೋ ನನಗೆ ಕೇಳಿಸಲಿಲ್ಲ. ಕಿವುಡಿನಿಂದ ಅಷ್ಟು ಉಪಕಾರವಾಯಿತು.

ಈಗ ಚಿತ್ರದ ಮಾತು. ಎರಡನೆಯ ರೀಲಿನಲ್ಲಿ ಗಂಡ ಹೆಂಡತಿಗೆ ಹೇಳದೆ ಸೈನ್ಯಕ್ಕೆ ಹೆಸರು ಕೊಡುತ್ತಾನೆ. ಕರೆಂಟ್ ಹೋದ ಗಲಾಟೆಯಲ್ಲಿ ಅದನ್ನು ನಾವು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೂರನೆಯದರಲ್ಲಿ ಒಂದು ದಿನದ ರಜೆ ಪಡೆದು ಬರುತ್ತಾನೆ, ಜೀವಂತವಾಗಿ. ಹೆಂಡತಿ ಮಾತಾಡುವುದಿಲ್ಲ. ಎಡೆಯ ನಿಯಮಕ್ಕಾಗಿ ಅಲ್ಲ, ಕೋಪ. ಹೇಳದೆ ಹೋದನಲ್ಲ ಎಂಬ ಮಾಮೂಲಿ ಗಂಡ ಹೆಂಡಿರ ಕೋಪ. ಅವನು ದೀಪ ಸರಿಮಾಡುವುದು ಅವಳನ್ನು ಮಾತಾಡಿಸಲಿಕ್ಕೆ. ಆಕೆ ತಟ್ಟೆ ಕುಕ್ಕಿ ಇಡುತ್ತಾಳೆ, ಬೆನ್ನು ತಿರುಗಿಸಿ ಕೂರುತ್ತಾಳೆ. ಅವನು ಬ್ರೆಡ್ಡನ್ನು ಅರ್ಧ ತಿಂದು ಬಿಟ್ಟು ರೈಲಿಗೆ ಹೊರಡುತ್ತಾನೆ. ನಾಲ್ಕನೆಯ ರೀಲಿನಲ್ಲಿ ಟೋಪಿ ಬರುತ್ತದೆ. ಆಕೆ ಮಣ್ಣಿನ ಮೇಲೆ ಇಡುವ ಬ್ರೆಡ್ಡು ಅದೇ, ಅವನು ಬಿಟ್ಟುಹೋದ ಅರ್ಧ. ಹಲ್ಲಿನ ಗುರುತು ಕಾಣುತ್ತದೆ. ಅವತ್ತು ನಾವು ಅದನ್ನು ನೋಡಿದ್ದೆವು, ಆದರೆ ಅರ್ಥವಾಗುವಂತಿರಲಿಲ್ಲ.

ಅಲ್ಲಿ ನಾನು ಅತ್ತುಬಿಟ್ಟೆ. ಮಂಜರಿ ಗಾಬರಿಯಾಗಿ ಕೈ ಹಿಡಿದುಕೊಂಡಳು.

ಅವಳಿಗೂ ಗೊತ್ತಿಲ್ಲದ್ದನ್ನು ನಿನಗೆ ಹೇಳುತ್ತೇನೆ. ನೀನು ಮುಚ್ಚಿಟ್ಟ ನಲವತ್ತೈದು ವರ್ಷಕ್ಕೆ ನಾನು ಮುಚ್ಚಿಟ್ಟ ಏಳು ವರ್ಷ. ಲಲಿತ ಹೋದ ದಿನ ಬೆಳಗ್ಗೆ ನಾನು ಬೊಲ್ದಿರೆವ್ ಟಿಪ್ಪಣಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ಸ್ನಾನಕ್ಕೆ ಹೋಗಿದ್ದೆ. ಅವಳು ಕಸ ಗುಡಿಸಲೆಂದು ಎಲ್ಲವನ್ನೂ ಒಟ್ಟುಮಾಡಿ ಮೇಜಿನ ಮೇಲೆ ಇಟ್ಟಳು. ಕ್ರಮ ಕೆಟ್ಟಿತು. ಅಷ್ಟಕ್ಕೆ ನಾನು ಮಾತು ಬಿಟ್ಟೆ. ಮಧ್ಯಾಹ್ನ ತಿಳಿಸಾರು, ಅನ್ನ. ತಲೆ ಎತ್ತದೆ ಊಟ ಮಾಡಿದೆ. “ಇನ್ನೊಂಚೂರು ಹಾಕ್ಲಾ?” ಎಂದಳು. ನಾನು ಉತ್ತರ ಕೊಡಲಿಲ್ಲ, ಕೈ ತೊಳೆದುಕೊಂಡು ಎದ್ದುಹೋದೆ. ಮೂರು ಗಂಟೆಗೆ ಕಾಫಿ ಬರಲಿಲ್ಲವಲ್ಲ ಎಂದು ಹೋಗಿ ನೋಡಿದರೆ ಮಲಗಿದವಳು ಹಾಗೇ ಇದ್ದಳು.

ಆಮೇಲೆ ಪ್ರತಿ ವರ್ಷ ಎಡೆ ಇಟ್ಟು ಬಾಗಿಲು ಹಾಕಿ ಹೊರಗೆ ಕೂರುತ್ತಿದ್ದೆ. ಮಾತಾಡಬಾರದು ಎಂಬ ನಿಯಮ ನನಗೆ ಬಹಳ ಅನುಕೂಲವಾಗಿತ್ತು. ಸತ್ತವರು ಬರುತ್ತಾರೆ, ಬಂದಾಗ ಸುಮ್ಮನಿರುವುದೇ ಮರ್ಯಾದೆ ಎಂದು ನಲವತ್ತು ಪುಟ ಬರೆದು ನನ್ನನ್ನು ನಾನೇ ಒಪ್ಪಿಸಿಕೊಂಡಿದ್ದೆ. ಆ ಹೆಂಡತಿಯ ಬೆನ್ನು ನನ್ನದು ಎಂದು ಮೊನ್ನೆ ಗೊತ್ತಾಯಿತು.

ಚಿತ್ರ ಮುಗಿದ ಮೇಲೆ ಎಂಬತ್ತು ದಾಟಿದ ರಷ್ಯನ್ ಮುದುಕಿಯೊಬ್ಬಳು ಬಂದು ಏನೋ ಹೇಳಿದಳು. ಮಂಜರಿ ಅದನ್ನು ಪುಸ್ತಿಕೆಯ ಮೇಲೆ ಬರೆದು ತೋರಿಸಿದಳು: ‘ನಿಮ್ಮ ಊರಿನಲ್ಲಿ ನೋಡಿದ ಹಾಗೆ ನನಗೂ ಒಂದು ಸಲ ನೋಡಬೇಕು.’ ನಿನ್ನ ತಾಯಿಗೆ ನೀನು ಹೇಳದಿದ್ದದ್ದು ಒಳ್ಳೆಯದೇ ಆಯಿತು. ನನಗೆ ಹೇಳಬೇಕಿತ್ತು. ಎರಡೂ ನಿಜ, ನಾನು ಇನ್ನೂ ಸುಧಾರಿಸಿಕೊಳ್ಳುತ್ತಿದ್ದೇನೆ.

ಪುಸ್ತಕ ಇನ್ನಿಲ್ಲ ಎಂದು ಪ್ರಸಾದನಿಗೆ ಬರೆದೆ. ಆ ಹಾಳೆಗಳನ್ನು ಏನು ಮಾಡುವುದೋ ಗೊತ್ತಿಲ್ಲ. ಹೊಸದಾಗಿ ಬರೆಯುವ ಶಕ್ತಿ ಇಲ್ಲ.

ನಿನ್ನ ಕೊನೆಯ ಕಾಗದವನ್ನು ನಾನು ಒಂದು ವಾರ ಒಡೆಯದೆ ಮೇಜಿನ ಮೇಲೆ ಇಟ್ಟಿದ್ದೆ. ಶನಿವಾರ ಮನೆಗೆ ಬಂದು ಕೋಟು ಬಿಚ್ಚುವ ಮೊದಲೇ ಒಡೆದೆ. ಒಂಬತ್ತು ಮಂದಿಯಲ್ಲಿ ಆರು ಎಂಬ ಸಾಲಿನ ಹತ್ತಿರ ನನ್ನ ಕಣ್ಣು ನಿಂತಿತು. ನಾನು ಮತ್ತೆ ಅದನ್ನೇ ಮಾಡುತ್ತಿದ್ದೆ, ಪಂಚಾಕ್ಷರಿ. ನೀನು ದೀಪ ಸರಿಮಾಡುತ್ತ ಕೂತಿದ್ದೆ, ನಾನು ಬೆನ್ನು ತಿರುಗಿಸಿ ಕೂತಿದ್ದೆ.

ಗುರುವಾರ ನಿನಗೆ ಕುರ್ಚಿಯಿಲ್ಲ. ಮಂಜರಿ ಆಫೀಸಿಗೆ ಒಂದು ದಿನದ ರಜೆ ಹಾಕಿದ್ದಾಳೆ, ಬೆಳಗ್ಗೆ ಆರಕ್ಕೆ ಹೊರಟು ನನ್ನನ್ನು ನಿನ್ನ ಹತ್ತಿರ ಕರೆದುಕೊಂಡು ಬರುತ್ತಾಳೆ. ಈ ಕಾಗದಕ್ಕಿಂತ ಮುಂಚೆ ನಾನೇ ಬಂದರೂ ಬಂದೆ. ಅಡುಗೆ ಏನೂ ಬೇಡ, ನಿನ್ನ ಉಪ್ಪಿಲ್ಲದ ಪಲ್ಯವನ್ನೇ ಇಬ್ಬರೂ ತಿನ್ನೋಣ. ಬಾಗಿಲು ತೆರೆದಿಡು. ಬಂದಾಗ ಸುಮ್ಮನೆ ಕೂರಬೇಡ, ಮಾತಾಡು. ಜೋರಾಗಿ ಮಾತಾಡು, ನನಗೆ ಕಿವಿ ಕೇಳುವುದಿಲ್ಲ.

ನಿನ್ನ,
ಜಯಸಿಂಹ